ಒಂದು ಕಂಪ್ಯೂಟರ್, ನಾಲ್ಕು ದೋಷ: ಇಪ್ಪತ್ತೆಂಟು ದಿನಗಳ ದುರಸ್ತಿ ದಿನಚರಿ

ನಮ್ಮ ಮನೆಯ ಡೆಸ್ಕ್‌ಟಾಪ್ 2016ರಲ್ಲಿ ಬಿಡಿಭಾಗಗಳನ್ನು ತಂದು ನಾನೇ ಜೋಡಿಸಿದ್ದು: ಇಂಟೆಲ್‌ನ ಆರನೇ ತಲೆಮಾರಿನ ಐ5 ಪ್ರೊಸೆಸರ್, ರ‍್ಯಾಮಿಗೆ ಎರಡೇ ಸ್ಲಾಟ್ ಇರುವ ಚಿಕ್ಕ ಮದರ್‌ಬೋರ್ಡ್, ತಲಾ 4 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಪಟ್ಟಿಗಳು, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಕೆಲವು ತಿಂಗಳಿಂದ ಅದು ದಿನಕ್ಕೊಂದು ಬಗೆಯಲ್ಲಿ ಕೈಕೊಡತೊಡಗಿತ್ತು. ಒಂದು ದಿನ ಪರದೆಯೇ ಬಾರದು, ಇನ್ನೊಂದು ದಿನ ಕೆಲಸದ ನಡುವೆ ತಟ್ಟನೆ ಆರಿಹೋಗುವುದು, ಮತ್ತೊಂದು ದಿನ ಎಲ್ಲವೂ ಸರಿಯಿದ್ದಂತೆ ಕಂಡರೂ ಒಂದು ಫೋಲ್ಡರ್ ತೆರೆಯಲು ಎರಡು ನಿಮಿಷ ಕಾಯಿಸುವುದು. ಮನೆಯವರ ಮಾತಿನಲ್ಲಿ ಇದೆಲ್ಲಕ್ಕೂ ಇದ್ದದ್ದು ಒಂದೇ ಹೆಸರು: "ಸಿಪಿಯು ಕೆಟ್ಟಿದೆ." ಇಡೀ ಪೆಟ್ಟಿಗೆಯನ್ನೇ ಸಿಪಿಯು ಎಂದು ಕರೆಯುವ ರೂಢಿ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಅದರೊಳಗಿನ ಬೆಂಕಿಪೊಟ್ಟಣದಷ್ಟು ಅಗಲದ ಪ್ರೊಸೆಸರ್ ಎಂಬ ಒಂದು ಚಿಪ್ಪಿಗೆ ಮಾತ್ರ ಆ ಹೆಸರು ಸಲ್ಲುತ್ತದೆ ಎಂದು ಹೇಳಿ ತಿದ್ದುವ ಉತ್ಸಾಹ ನನಗೂ ಈಗ ಉಳಿದಿಲ್ಲ.

ಕೆಲವು ವರ್ಷಗಳ ಹಿಂದೆ ಹೀಗೆಯೇ ಆದಾಗ "ತುಂಬಾ ನಿಧಾನವಾಗಿದೆ, ನೋಡಿ" ಎಂದಷ್ಟೇ ಹೇಳಿ ಯಂತ್ರವನ್ನು ದುರಸ್ತಿಗೆ ಕೊಟ್ಟಿದ್ದೆ. ಎರಡು ದಿನಗಳ ನಂತರ ಅದು ಚೊಕ್ಕಟವಾಗಿ ಫಾರ್ಮ್ಯಾಟ್ ಆಗಿ ಮನೆಗೆ ಮರಳಿತು. ಡೆಸ್ಕ್‌ಟಾಪಿನ ಮೇಲಿದ್ದ ಫೋಲ್ಡರ್‌ಗಳೆಲ್ಲ ಹೋಗಿದ್ದವು. ನಿಧಾನ ಮಾತ್ರ ಮೂರನೆಯ ವಾರಕ್ಕೆ ಹಿಂದಿರುಗಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಿತ್ತು. ಆದರೆ ತಪ್ಪನ್ನೆಲ್ಲ ದುರಸ್ತಿ ಮಾಡಿದವರ ಮೇಲೆ ಹೊರಿಸುವುದು ನ್ಯಾಯವಲ್ಲ. ಯಾವಾಗ ನಿಧಾನ, ಏನು ಮಾಡುವಾಗ ನಿಧಾನ, ಯಾವ ಫೋಲ್ಡರ್ ಮುಟ್ಟಬಾರದು ಎಂಬುದನ್ನು ನಾನು ಹೇಳಿರಲಿಲ್ಲ. ಏಕೆಂದರೆ ಅದು ನನಗೇ ಗೊತ್ತಿರಲಿಲ್ಲ. ಹಾಗಾಗಿ ಈ ಸಲ ಯಾರನ್ನಾದರೂ ಕರೆಯುವ ಮುನ್ನ ಒಂದು ನೋಟುಪುಸ್ತಕ ತೆರೆದೆ. ಕೆಳಗಿನ ಬರಹ ಆ ಪುಟಗಳಿಂದ ತೆಗೆದದ್ದು.

ಮೊದಲ ಐದು ದಿನ: ಬರೆಯುವುದು ಮಾತ್ರ

ಐದು ದಿನ ಯಂತ್ರಕ್ಕೆ ಕೈ ಹಚ್ಚಬಾರದು ಎಂದು ನನಗೆ ನಾನೇ ನಿಯಮ ಹಾಕಿಕೊಂಡೆ. ಸ್ಕ್ರೂಡ್ರೈವರ್ ಕೈಯಲ್ಲಿದ್ದವನಿಗೆ ಇದು ಸುಲಭದ ಮಾತಲ್ಲ. ಪ್ರತಿ ಸಲ ತೊಂದರೆ ಕಂಡಾಗ ಗಂಟೆ, ಆಗ ನಡೆಯುತ್ತಿದ್ದ ಕೆಲಸ, ಹಿಂದಿನ ರಾತ್ರಿ ಗೋಡೆಯ ಸ್ವಿಚ್ ಆರಿಸಲಾಗಿತ್ತೇ ಇಲ್ಲವೇ, ಪರದೆಯ ಮೇಲೆ ಕಂಡ ಸಂದೇಶ ಏನು, ಇಷ್ಟನ್ನು ಬರೆಯುವುದು. ಸಂದೇಶವಿದ್ದರೆ ಫೋನಿನಿಂದ ಅದರ ಚಿತ್ರ ತೆಗೆಯುವುದು.

ಐದನೆಯ ದಿನ ಪುಟವನ್ನು ಓದಿದಾಗ, ಒಂದೇ ಕಾಯಿಲೆ ಎಂದುಕೊಂಡಿದ್ದದ್ದು ನಾಲ್ಕಾಗಿ ಬಿಡಿಸಿಕೊಂಡಿತು. ಒಂದು, ಕೆಲವು ಬೆಳಿಗ್ಗೆಗಳಲ್ಲಿ ಫ್ಯಾನ್‌ಗಳು ತಿರುಗಿದರೂ ಪರದೆ ಕಪ್ಪಾಗಿಯೇ ಇರುತ್ತದೆ, ಮಾನಿಟರಿನ ದೀಪ ಸಿಗ್ನಲ್ ಇಲ್ಲವೆಂಬ ಬಣ್ಣಕ್ಕೆ ತಿರುಗುತ್ತದೆ. ಎರಡು ಮೂರು ಸಲ ಆರಿಸಿ ಹಚ್ಚಿದರೆ ಸರಿಹೋಗುತ್ತದೆ. ಒಮ್ಮೆ ಬಿಸಿಯಾದ ಯಂತ್ರದಲ್ಲಿ ಇದು ಎಂದೂ ಕಾಣುವುದಿಲ್ಲ. ಎರಡು, ಕೆಲವು ಬೆಳಿಗ್ಗೆ ತಾರೀಖು 2015ರ ಜನವರಿ 1 ಎಂದು ತೋರಿಸುತ್ತದೆ, ಆ ದಿನ ಯಾವ ಜಾಲತಾಣವೂ ತೆರೆಯುವುದಿಲ್ಲ. ಮೂರು, ವಿಡಿಯೋ ಕರೆ ಆರಂಭವಾಗಿ ಹತ್ತು ಹದಿನೈದು ನಿಮಿಷಕ್ಕೆ ಯಂತ್ರ ಸದ್ದಿಲ್ಲದೆ ಆರಿಹೋಗುತ್ತದೆ. ತಕ್ಷಣ ಮತ್ತೆ ಹಚ್ಚಿದರೆ ಈ ಸಲ ನಾಲ್ಕೇ ನಿಮಿಷಕ್ಕೆ ಆರುತ್ತದೆ. ಬರೀ ಟೈಪ್ ಮಾಡುತ್ತಿದ್ದರೆ ಇಡೀ ದಿನ ಆರುವುದಿಲ್ಲ. ನಾಲ್ಕು, ಫೋಟೋಗಳ ಕೆಲವು ಫೋಲ್ಡರ್ ತೆರೆದಾಗ ಕಿಟಕಿ ಮರಗಟ್ಟುತ್ತದೆ, ಪೆಟ್ಟಿಗೆಯ ಮುಂದಿನ ಡಿಸ್ಕ್ ದೀಪ ಮಿಣುಕದೆ ಒಂದೇ ಸಮ ಉರಿಯುತ್ತದೆ.

ಎರಡನೆಯ ತೊಂದರೆಯ ಎದುರು ಬರೆದಿದ್ದ ಸ್ವಿಚ್ಚಿನ ಕಲಂ ನನ್ನ ಕಣ್ಣು ತೆರೆಸಿತು. ತಾರೀಖು ತಪ್ಪಿದ ಮೂರೂ ದಿನಗಳ ಹಿಂದಿನ ರಾತ್ರಿ ಗೋಡೆಯ ಸ್ವಿಚ್ ಆರಿಸಲಾಗಿತ್ತು. ಸ್ವಿಚ್ ಹಾಗೆಯೇ ಬಿಟ್ಟ ಎರಡು ರಾತ್ರಿ ತಾರೀಖು ಸರಿಯಾಗಿತ್ತು. ಯಂತ್ರ ಬಿಚ್ಚದೆ, ಒಂದೂ ತಂತ್ರಾಂಶ ಹಾಕದೆ ಸಿಕ್ಕಿದ ಮೊದಲ ಉತ್ತರ ಇದು.

ಆರನೆಯ ದಿನ: "ನೆಟ್ ಇಲ್ಲ" ಎಂಬ ದೂರು

ಬೆಳಿಗ್ಗೆ ಮಗಳ ಕೂಗು: "ಅಪ್ಪಾ, ಮತ್ತೆ ನೆಟ್ ಇಲ್ಲ." ನೆಟ್ ಇಲ್ಲ ಎಂಬ ಮಾತನ್ನು ಹಾಗೆಯೇ ನಂಬುವ ಮುನ್ನ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷಿಸಬೇಕು. ಆದೇಶಗಳನ್ನು ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟ್ ತೆರೆದು, ಯಂತ್ರದ ನೆಟ್ ವಿಳಾಸ ತೋರಿಸುವ ಐಪಿಕಾನ್ಫಿಗ್ ಆದೇಶ ಕೊಟ್ಟೆ. ವಿಳಾಸ 169.254 ಎಂದು ಆರಂಭವಾಗಿದ್ದರೆ ರೂಟರಿನಿಂದ ವಿಳಾಸವೇ ಸಿಕ್ಕಿಲ್ಲವೆಂದು ಅರ್ಥ. ಕೇಬಲ್, ವೈಫೈ ಇಲ್ಲವೇ ರೂಟರ್ ಕಡೆಗೆ ನೋಡಬೇಕು. ನಮ್ಮದು ಸರಿಯಾಗಿ 192.168 ಎಂದು ಆರಂಭವಾಗಿತ್ತು. ರೂಟರಿಗೆ ಪಿಂಗ್, ಎಂದರೆ ಇದ್ದೀಯಾ ಎಂದು ಕೇಳುವ ಚಿಕ್ಕ ಸಂದೇಶ, ಹೋಯಿತು, ಉತ್ತರ ಬಂತು. ಹೊರಗಿನ 8.8.8.8 ವಿಳಾಸಕ್ಕೂ ಉತ್ತರ ಬಂತು. ಅಂಕಿಯ ಬದಲು ಒಂದು ಜಾಲತಾಣದ ಹೆಸರು ಕೊಟ್ಟು ಪಿಂಗ್ ಮಾಡಿದಾಗಲೂ ಉತ್ತರ ಬಂತು. ಎಂದರೆ ಹೆಸರನ್ನು ವಿಳಾಸಕ್ಕೆ ತಿರುಗಿಸುವ ಡಿಎನ್ಎಸ್ ಕೂಡ ಸರಿಯಿದೆ. ನೆಟ್ ಇತ್ತು. ಒಪ್ಪದೆ ಕುಳಿತಿದ್ದದ್ದು ಬ್ರೌಸರ್.

ಬ್ರೌಸರಿನ ಎಚ್ಚರಿಕೆಯನ್ನು ಪೂರ್ತಿ ಓದಿದರೆ ಅದರಲ್ಲಿಯೇ ಕಾರಣ ಇತ್ತು: ನಿಮ್ಮ ಗಡಿಯಾರ ಹಿಂದಿದೆ. ಸುರಕ್ಷಿತ ಜಾಲತಾಣಗಳು ತೋರಿಸುವ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ; 2015ರಲ್ಲಿ ಕುಳಿತ ಯಂತ್ರದ ಕಣ್ಣಿಗೆ ಈಗಿನ ಪತ್ರಗಳೆಲ್ಲ ಇನ್ನೂ ಹುಟ್ಟದ ಪತ್ರಗಳು. ನೆಟ್ ಇದ್ದಮೇಲೆ ವಿಂಡೋಸ್ ತಾನೇ ಸಮಯ ತಿದ್ದಿಕೊಳ್ಳಬೇಕಲ್ಲವೇ ಎಂಬ ಪ್ರಶ್ನೆ ನನಗೂ ಬಂದಿತ್ತು. ಮನೆಯ ಬಿಡಿ ಕಂಪ್ಯೂಟರ್‌ಗಳಲ್ಲಿ ವಿಂಡೋಸಿನ ಸಮಯ ಸೇವೆಗೆ ಸಾಮಾನ್ಯವಾಗಿ 54,000 ಸೆಕೆಂಡುಗಳ, ಎಂದರೆ 15 ಗಂಟೆಗಳ ಮಿತಿ ಹಾಕಿರುತ್ತಾರೆ; ವ್ಯತ್ಯಾಸ ಅದಕ್ಕಿಂತ ಹೆಚ್ಚಿದ್ದರೆ ಅದು ಅನುಮಾನಪಟ್ಟು ಸುಮ್ಮನಾಗುತ್ತದೆ. ನಿಮಿಷಗಳ ತಪ್ಪನ್ನು ತಿದ್ದುವ ಸೇವೆ ವರ್ಷಗಳ ತಪ್ಪಿಗೆ ಕೈಕಟ್ಟಿ ಕೂರುವುದು ಈ ಕಾರಣಕ್ಕೆ.

ಗೋಡೆಯಿಂದ ವಿದ್ಯುತ್ ಬರುತ್ತಿರುವವರೆಗೆ, ಯಂತ್ರ ಆಫ್ ಆಗಿದ್ದರೂ ಎಸ್‌ಎಂಪಿಎಸ್ (ಗೋಡೆಯ ವಿದ್ಯುತ್ತನ್ನು ಒಳಗಿನ ಭಾಗಗಳಿಗೆ ಬೇಕಾದಂತೆ ಇಳಿಸಿ ಹಂಚುವ ಡಬ್ಬಿ) ಒಂದು ಸಣ್ಣ 5 ವೋಲ್ಟಿನ ಧಾರೆಯನ್ನು ಮದರ್‌ಬೋರ್ಡಿಗೆ ಕೊಡುತ್ತಲೇ ಇರುತ್ತದೆ, ಗಡಿಯಾರ ಅದರ ಬಲದಲ್ಲಿ ನಡೆಯುತ್ತದೆ. ಸ್ವಿಚ್ ಆರಿಸಿದ ಮೇಲೆ ಗಡಿಯಾರವನ್ನು ಕಾಯುವುದು ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ ಒಂದೇ. ಅದರ ಮೇಲಿನ ಹೆಸರು ಸಿಆರ್2032: ಲಿಥಿಯಂ, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್.

ಪ್ಲಗ್ ಕಿತ್ತೆ, ಕಿತ್ತ ಮೇಲೆ ಪವರ್ ಬಟನನ್ನು ಹದಿನೈದು ಸೆಕೆಂಡು ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಖಾಲಿ ಮಾಡಿದೆ, ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡೆ. ಸೆಲ್ಲಿನ ಪಕ್ಕದ ಕೊಂಡಿಯನ್ನು ಉಗುರಿನಿಂದ ಹಿಂದಕ್ಕೆ ಸರಿಸಿದರೆ ಅದು ತಾನೇ ಮೇಲಕ್ಕೆ ಚಿಮ್ಮುತ್ತದೆ, ಮೀಟಿ ತೆಗೆಯಬೇಕಿಲ್ಲ. ಮಲ್ಟಿಮೀಟರಿನಲ್ಲಿ 2.3 ವೋಲ್ಟ್ ಕಂಡಿತು. ಹೊಸ ಸೆಲ್ ಹಾಕಿ, ಅಧಿಕ ಚಿಹ್ನೆಯ (+) ಮುಖ ಮೇಲೆ ಬರುವಂತೆ ಕೂರಿಸಿ, ವಿಂಡೋಸಿಗಿಂತ ಮೊದಲು ಯಂತ್ರವನ್ನು ಎಬ್ಬಿಸುವ ಬಯಾಸ್ ಒಳಹೊಕ್ಕು ತಾರೀಖು ತುಂಬಿದೆ. ಸೆಲ್ ತೆಗೆದಾಗ ಬಯಾಸಿನ ಇತರ ಹೊಂದಿಕೆಗಳೂ ಮೂಲಸ್ಥಿತಿಗೆ ಮರಳುತ್ತವೆಯಾದ್ದರಿಂದ ಯಾವ ಡಿಸ್ಕಿನಿಂದ ಮೊದಲು ಆರಂಭವಾಗಬೇಕು ಎಂಬ ಬೂಟ್ ಕ್ರಮವನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು. ಅಂದು ರಾತ್ರಿ ಬೇಕೆಂದೇ ಸ್ವಿಚ್ ಆರಿಸಿದೆ. ಬೆಳಿಗ್ಗೆ ತಾರೀಖು ಸರಿಯಿತ್ತು.

ಪೆಟ್ಟಿಗೆ ತೆರೆದಾಗ ಒಳಗೆ ಕಂಡ ಧೂಳನ್ನು ಅಂದೇ ಗುಡಿಸಿಬಿಡಬೇಕೆಂಬ ಆಸೆ ಬಲವಾಗಿತ್ತು, ಮುಟ್ಟಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಸೆಲ್, ಧೂಳು, ರ‍್ಯಾಮ್ ಎಲ್ಲವನ್ನೂ ಒಂದೇ ಕೂರಿಕೆಯಲ್ಲಿ ಮುಗಿಸಿದ್ದರೆ ಯಂತ್ರ ಸರಿಹೋದರೂ ಯಾವುದರಿಂದ ಸರಿಹೋಯಿತು ಎಂಬುದು ತಿಳಿಯುತ್ತಿರಲಿಲ್ಲ, ತೊಂದರೆ ಮರುಕಳಿಸಿದಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತಿತ್ತು.

ಏಳು, ಎಂಟನೆಯ ದಿನ: ಬಿಸಿ

ವಿಡಿಯೋ ಕರೆಯ ನಡುವೆ ಆರಿಹೋಗುವುದರ ಗುಟ್ಟು ನಿಜಕ್ಕೂ ಟಿಪ್ಪಣಿಯಲ್ಲೇ ಇತ್ತು: ತಕ್ಷಣ ಮತ್ತೆ ಹಚ್ಚಿದರೆ ಇನ್ನೂ ಬೇಗ ಆರುತ್ತದೆ. ಹೀಗೆ ವರ್ತಿಸುವುದು ಹೆಚ್ಚಾಗಿ ಬಿಸಿ. ಆದರೂ ಮೊದಲು ಯಂತ್ರದಲ್ಲಿ ನಡೆದದ್ದನ್ನು ದಾಖಲಿಸುವ ವಿಂಡೋಸಿನ ಈವೆಂಟ್ ವ್ಯೂವರ್ ತೆರೆದೆ. ಪ್ರತಿ ಸಲ ಆರಿದ ನಂತರದ ಹೊತ್ತಿಗೆ ಕರ್ನಲ್-ಪವರ್ 41 ಎಂಬ ಕೆಂಪು ಸಾಲು ದಾಖಲಾಗಿತ್ತು. ಈ 41ನ್ನು ಕಂಡೊಡನೆ ಎಸ್‌ಎಂಪಿಎಸ್ ಹಾಳಾಗಿದೆ ಎಂದು ತೀರ್ಪು ಕೊಡುವವರು ಬಹಳ. ಅದು ಹೇಳುವುದು ಅಷ್ಟೊಂದಿಲ್ಲ. ಹಿಂದಿನ ಸಲ ಯಂತ್ರ ಕ್ರಮಬದ್ಧವಾಗಿ ಮುಚ್ಚಲಿಲ್ಲ ಎಂಬುದನ್ನು ವಿಂಡೋಸ್ ಮುಂದಿನ ಸಲ ಎದ್ದಾಗ ಗಮನಿಸಿ ಬರೆದುಕೊಂಡ ಸಾಲು ಅದು. ಗೋಡೆಯ ಪ್ಲಗ್ ಕಿತ್ತರೂ ಅದೇ ಸಾಲು ಬರುತ್ತದೆ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ 0 ಎಂದಿತ್ತು. ಎಂದರೆ ನೀಲಿ ಪರದೆ ಬಂದು ಬಿದ್ದದ್ದಲ್ಲ, ಏನನ್ನೂ ಬರೆದುಕೊಳ್ಳಲು ಸಮಯವಿಲ್ಲದಂತೆ ವಿದ್ಯುತ್ತೇ ಕಡಿದದ್ದು. ಹಾಗಾಗಿ ಡ್ರೈವರ್, ವೈರಸ್, ವಿಂಡೋಸ್ ಈ ಮೂವರ ಮೇಲಿನ ಅನುಮಾನ ಬಹುಮಟ್ಟಿಗೆ ಬಿಟ್ಟೆ. ಉಳಿದದ್ದು ಎಸ್‌ಎಂಪಿಎಸ್, ಪ್ಲಗ್, ಬಿಸಿ.

ಎಕ್ಸ್‌ಟೆನ್ಷನ್ ಬೋರ್ಡನ್ನು ಬಿಟ್ಟು ನೇರ ಗೋಡೆಗೆ ಸಿಕ್ಕಿಸಿದೆ, ವ್ಯತ್ಯಾಸವಾಗಲಿಲ್ಲ. ಎಸ್‌ಎಂಪಿಎಸ್ಸಿನ ವೋಲ್ಟೇಜನ್ನು ಹಳೆಯ ಬಗೆಯ ನಾಲ್ಕು ಪಿನ್ನಿನ ಕನೆಕ್ಟರಿನಲ್ಲಿ ಅಳೆದೆ: ಹಳದಿ ತಂತಿಗೂ ಕಪ್ಪಿಗೂ ನಡುವೆ 12.08, ಕೆಂಪಿಗೂ ಕಪ್ಪಿಗೂ ನಡುವೆ 5.03. ಶೇಕಡಾ 5ರ ಏರಿಳಿತ ಸಮ್ಮತ. ಎಂದರೆ 12ರ ತಂತಿ 11.4ರಿಂದ 12.6ರೊಳಗೆ, 5ರ ತಂತಿ 4.75ರಿಂದ 5.25ರೊಳಗೆ ಇರಬೇಕು. ಯಂತ್ರ ಸುಮ್ಮನಿದ್ದಾಗಿನ ಈ ಅಳತೆ ಪೂರ್ತಿ ಖಾತ್ರಿಯಲ್ಲ, ಭಾರ ಬಿದ್ದಾಗ ಕುಸಿಯುವ ಎಸ್‌ಎಂಪಿಎಸ್‌ಗಳೂ ಉಂಟು. ಆದರೂ ಅದರ ಡಬ್ಬಿಯನ್ನು ಮನೆಯಲ್ಲಿ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು.

ಬಳಿಕ ಉಷ್ಣತೆ ತೋರಿಸುವ ಒಂದು ಉಚಿತ ತಂತ್ರಾಂಶ ಹಾಕಿ ನೋಡಿದೆ. ಏನೂ ಕೆಲಸವಿಲ್ಲದಾಗಲೇ ಪ್ರೊಸೆಸರ್ 58 ಡಿಗ್ರಿ ಸೆಲ್ಸಿಯಸ್. ವಿಡಿಯೋ ಹಚ್ಚಿದೆ: 80, 91, 97. ಈ ಪ್ರೊಸೆಸರ್ 100ರ ಹತ್ತಿರ ಬಂದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಅದರಿಂದಲೂ ಬಿಸಿ ಇಳಿಯದಿದ್ದರೆ ಸುಟ್ಟುಹೋಗುವುದನ್ನು ತಪ್ಪಿಸಲು ವಿದ್ಯುತ್ ಕಡಿದುಕೊಳ್ಳುತ್ತದೆ. ನಾವು ದೂರುತ್ತಿದ್ದ "ಕೆಡುಕು" ಯಂತ್ರದ ಆತ್ಮರಕ್ಷಣೆಯಾಗಿತ್ತು.

ಎಂಟನೆಯ ದಿನ ಧೂಳಿನ ಕೆಲಸ. ಫ್ಯಾನಿನ ಕೆಳಗೆ, ಪ್ರೊಸೆಸರಿನ ಬಿಸಿಯನ್ನು ಹೀರುವ ಹೀಟ್‌ಸಿಂಕಿನ ಅಲ್ಯೂಮಿನಿಯಂ ಎಲೆಗಳ ನಡುವೆ, ಧೂಳು ಪುಡಿಯಾಗಿ ಇರಲಿಲ್ಲ. ಒತ್ತಿ ಮಾಡಿದ ಉಣ್ಣೆಯ ತುಂಡಿನಂತೆ ಒಂದೇ ಹಾಳೆಯಾಗಿ ಕೂತಿತ್ತು, ಚಿಮಟದಿಂದ ಹಿಡಿದರೆ ಹಾಗೆಯೇ ಎದ್ದು ಬಂತು. ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ಗಾಳಿ ಆ ಕಂಬಳಿಯನ್ನು ದಾಟುತ್ತಿರಲಿಲ್ಲ. ಉಳಿದದ್ದನ್ನು ಮೃದುವಾದ ಬ್ರಷ್ಷಿನಿಂದಲೂ ಕೈಯಿಂದ ಒತ್ತುವ ಬ್ಲೋವರಿನಿಂದಲೂ ತೆಗೆದೆ. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಒಂದು ಬೆರಳಿನಿಂದ ತಡೆದು ಹಿಡಿಯಬೇಕು. ಅತಿ ವೇಗದಲ್ಲಿ ತಿರುಗಿದರೆ ಬೇರಿಂಗ್ ಸವೆಯುತ್ತದೆ. ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರನ್ನು ಬೋರ್ಡಿನ ಬಳಿ ತರಬಾರದು, ಅದರ ಪ್ಲಾಸ್ಟಿಕ್ ಮೂತಿಯಲ್ಲಿ ಸ್ಥಿರವಿದ್ಯುತ್ ಕೂಡುತ್ತದೆ.

ಒಂದು ಸಲಕ್ಕೆ ಒಂದೇ ಎಂಬ ನಿಯಮದಂತೆ ಅಷ್ಟಕ್ಕೇ ಮುಚ್ಚಿ ಮತ್ತೆ ಅಳೆದೆ. ಸುಮ್ಮನಿದ್ದಾಗ 47, ವಿಡಿಯೋದಲ್ಲಿ 88. ಇಳಿದಿದೆ, ಆದರೆ ಸಾಲದು. ಮತ್ತೆ ಬಿಚ್ಚಿ ಹೀಟ್‌ಸಿಂಕನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸಿದಾಗ ಒಂದು ಮೂಲೆ ಅಲುಗಾಡಿತು. ಇಂಟೆಲ್ ಪೆಟ್ಟಿಗೆಯೊಂದಿಗೆ ಬರುವ ಈ ಕೂಲರಿಗೆ ನಾಲ್ಕು ಪ್ಲಾಸ್ಟಿಕ್ ಗೂಟಗಳಿರುತ್ತವೆ. ಪ್ರತಿಯೊಂದರ ತಲೆಯ ಮೇಲೆ ಒಂದು ಬಾಣದ ಗುರುತು. ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿದರೆ ಗೂಟ ಸಡಿಲವಾಗುತ್ತದೆ; ಕೂರಿಸುವ ಮುನ್ನ ಅದನ್ನು ಹಿಂದಕ್ಕೆ ತಿರುಗಿಸಿಟ್ಟು, ಎದುರುಬದುರು ಮೂಲೆಗಳನ್ನು ಜೊತೆಯಾಗಿ ಒತ್ತಿದರೆ ಟಕ್ ಎಂಬ ಸದ್ದಿನೊಂದಿಗೆ ಬೋರ್ಡಿನ ಆಚೆ ಬದಿಯಲ್ಲಿ ಅರಳಿಕೊಳ್ಳುತ್ತದೆ. ನಮ್ಮದರಲ್ಲಿ ಒಂದು ಗೂಟ ಅರ್ಧಕ್ಕೆ ನಿಂತಿತ್ತು. 2016ರಲ್ಲಿ ಕೂರಿಸಿದವನು ನಾನೇ ಆದ್ದರಿಂದ ದೂರು ಹೇಳಲು ಬೇರೆ ಯಾರೂ ಇರಲಿಲ್ಲ.

ಕೂಲರ್ ಎತ್ತಿದಾಗ ಹಳೆಯ ಥರ್ಮಲ್ ಪೇಸ್ಟ್ ಒಣಗಿ ಸೀಮೆಸುಣ್ಣದ ಪುಡಿಯಂತಾಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಎರಡೂ ಮುಖಗಳನ್ನು ಕನ್ನಡಿಯಂತೆ ಒರೆಸಿ, ಚಿಪ್ಪಿನ ನಡುವೆ ಹೆಸರುಕಾಳಿನಷ್ಟು ಹೊಸ ಪೇಸ್ಟ್ ಇಟ್ಟು ಕೂಲರನ್ನು ನೇರ ಕೆಳಕ್ಕೆ ಇಳಿಸಿದೆ. ಹೆಚ್ಚು ಪೇಸ್ಟ್ ಹೆಚ್ಚು ತಂಪು ಎಂಬುದು ತಪ್ಪು. ಲೋಹ ಲೋಹಗಳ ನಡುವಿನ ಕಣ್ಣಿಗೆ ಕಾಣದ ಕುಳಿಗಳನ್ನು ತುಂಬುವುದಷ್ಟೇ ಅದರ ಕೆಲಸ. ಇನ್ನೊಂದು ಮಾತು: ಇನ್ನೊಂದು ಪ್ರೊಸೆಸರ್ ಕಂಪನಿ ಎಎಂಡಿಯ ಎಎಂ4 ಬಗೆಯ ಸಾಕೆಟ್‌ಗಳಲ್ಲಿ (ಪ್ರೊಸೆಸರ್ ಕೂರುವ ಜಾಗ) ಒಣಗಿದ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೇ ಕೂಲರಿನೊಂದಿಗೆ ಕಿತ್ತು ಬರುವುದುಂಟು, ಯಂತ್ರವನ್ನು ಸ್ವಲ್ಪ ಹೊತ್ತು ನಡೆಸಿ ಬೆಚ್ಚಗಾಗಿಸಿ, ಆರಿಸಿ, ಕೂಲರನ್ನು ಎಳೆಯದೆ ಎಡಬಲಕ್ಕೆ ತಿರುವಿ ಬಿಡಿಸಬೇಕು.

ಈಗಿನ ಅಳತೆ: ಸುಮ್ಮನಿದ್ದಾಗ 36, ಒಂದು ಗಂಟೆಯ ವಿಡಿಯೋ ಕರೆಯ ಕೊನೆಗೆ 64. ಅಂದಿನಿಂದ ಇಂದಿನವರೆಗೆ ಒಮ್ಮೆಯೂ ಆರಿಲ್ಲ.

ಒಂಬತ್ತನೆಯ ದಿನ: ಮೊದಲನೆಯ ದಿನವೇ ಮಾಡಬೇಕಿದ್ದ ಕೆಲಸ

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಡಿಸ್ಕ್ ದೀಪ ಒಂದೇ ಸಮ ಉರಿಯುತ್ತಿದೆ ಎಂದು ಎರಡನೆಯ ದಿನವೇ ಬರೆದುಕೊಂಡಿದ್ದವನು ಎಂಟು ದಿನ ಆ ಡಿಸ್ಕನ್ನು ಹಾಗೆಯೇ ಓಡಿಸಿದೆ. ಅದರಲ್ಲಿ ಐದಾರು ಸಲ ವಿದ್ಯುತ್ ತಟ್ಟನೆ ಕಡಿದಿತ್ತು. ಉಳಿದ ಯಾವ ಭಾಗ ಹೋದರೂ ಹೊಸದು ತರಬಹುದು, ಡಿಸ್ಕಿನೊಳಗಿನದು ಬರುವುದಿಲ್ಲ. ಬೇರೆಯವರಿಗೆ ಹೇಳುವುದಾದರೆ ಈ ಅಧ್ಯಾಯವನ್ನು ಎಲ್ಲಕ್ಕಿಂತ ಮೊದಲು ಇಡುತ್ತಿದ್ದೆ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಪ್ರೊಸೆಸರ್ ಶೇಕಡಾ 6, ಮೆಮೊರಿ ಶೇಕಡಾ 48, ಡಿಸ್ಕ್ ಶೇಕಡಾ 100. ಆದರೆ ಓದುತ್ತಿರುವ ವೇಗ ಸೆಕೆಂಡಿಗೆ 0.3 ಎಂಬಿ. ಪೂರ್ತಿ ದುಡಿಯುತ್ತಿದೆ, ಏನನ್ನೂ ಕೊಡುತ್ತಿಲ್ಲ. ತಂತ್ರಾಂಶಗಳ ಹೊರೆಯಿಂದ ಡಿಸ್ಕ್ ನೂರಕ್ಕೆ ಏರಿದ್ದರೆ ವೇಗದ ಅಂಕಿಯೂ ಸಾಮಾನ್ಯವಾಗಿ ದೊಡ್ಡದಾಗಿರುತ್ತಿತ್ತು. ನೂರೂ ಸೊನ್ನೆಯೂ ಜೊತೆಯಾಗಿ ಕಂಡರೆ ಡಿಸ್ಕಿನ ಮೈಯನ್ನೇ ಅನುಮಾನಿಸಬೇಕು.

ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ಎಂಬ ದಾಖಲೆಯನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶ ತೋರಿಸುತ್ತದೆ. ಹಳದಿ ಬಣ್ಣದ ಎಚ್ಚರಿಕೆ ಬಂದಿತ್ತು. 05ನೆಯ ಸಾಲು, ಬದಲಿ ಜಾಗಕ್ಕೆ ಸಾಗಿಸಿದ ಸೆಕ್ಟರ್‌ಗಳ (ಡಿಸ್ಕಿನ ಚಿಕ್ಕ ಚಿಕ್ಕ ತುಣುಕುಗಳ) ಲೆಕ್ಕ, ಸೊನ್ನೆ. ಸಿ5 ಸಾಲು, ಓದಲಾಗದೆ ತೀರ್ಮಾನಕ್ಕಾಗಿ ಕಾಯುತ್ತಿರುವ ಸೆಕ್ಟರ್‌ಗಳ ಲೆಕ್ಕ, 10 ಎಂದಿತ್ತು. ಈ ತಂತ್ರಾಂಶ ಕಚ್ಚಾ ಅಂಕಿಗಳನ್ನು ಹದಿನಾರರ ಎಣಿಕೆಯಲ್ಲಿ ತೋರಿಸುವುದರಿಂದ ಅದು ನಿಜಕ್ಕೆ 16. ಸಿ7 ಸಾಲು ಏರಿದ್ದರೆ ಕೇಬಲ್ ಬದಲಿಸಿ ನೋಡಬಹುದಿತ್ತು, ಏಕೆಂದರೆ ಅದು ಡಿಸ್ಕಿಗೂ ಬೋರ್ಡಿಗೂ ನಡುವಿನ ಸಾಗಣೆಯ ತಪ್ಪುಗಳನ್ನು ಎಣಿಸುತ್ತದೆ. ಅದು ಸೊನ್ನೆ. ದೋಷ ಡಿಸ್ಕಿನ ತಟ್ಟೆಯ ಮೇಲೆಯೇ ಇತ್ತು.

ಇಂಥ ಹೊತ್ತಿನಲ್ಲಿ ಬಹಳ ಮಂದಿ ಕೊಡುವ ಸಲಹೆ, ಡಿಸ್ಕಿನ ತಪ್ಪು ಹುಡುಕಿ ತಿದ್ದುವ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಿ ಎಂಬುದು. ಓಡಿಸಬೇಕು, ಆದರೆ ನಂತರ. ಕೆಟ್ಟ ಸೆಕ್ಟರ್ ಹುಡುಕುವ ಅದರ ಆರ್ ಆಯ್ಕೆ ಇಡೀ ಡಿಸ್ಕನ್ನು ತುದಿಯಿಂದ ತುದಿಗೆ ಓದಿಸುತ್ತದೆ. ಏದುಸಿರು ಬಿಡುತ್ತಿರುವ ಡಿಸ್ಕಿಗೆ ಅಷ್ಟು ಓಟ ಅದರ ಕೊನೆಯ ಓಟವಾಗಬಹುದು. ಮೊದಲು ನಕಲು. ನಕಲಿನಲ್ಲೂ ಮತ್ತೆಲ್ಲೂ ಸಿಗದಿರುವುದು ಮುಂದೆ: ಫೋಟೋ, ಪತ್ರ, ಲೆಕ್ಕದ ಹಾಳೆ. ಇಳಿಸಿಕೊಂಡ ಚಲನಚಿತ್ರ, ತಂತ್ರಾಂಶ ಕೊನೆಗೆ.

ಎಳೆದು ಬಿಡುವ ಸಾಮಾನ್ಯ ನಕಲು ಮೊದಲ ಕೆಟ್ಟ ಫೈಲಿಗೇ ನಿಂತಿತು. ವಿಂಡೋಸಿನೊಂದಿಗೇ ಬರುವ ರೋಬೊಕಾಪಿ ಎಂಬ ನಕಲು ಮಾಡುವ ಆದೇಶ ಇಲ್ಲಿ ಉಪಕಾರಿ. ಆದರೆ ಅದನ್ನು ಹಾಗೆಯೇ ಓಡಿಸಿದರೆ ಓದಲಾಗದ ಫೈಲಿಗೆ 10 ಲಕ್ಷ ಸಲ, ಪ್ರತಿ ಸಲಕ್ಕೂ 30 ಸೆಕೆಂಡು ಕಾದು, ಮತ್ತೆ ಮತ್ತೆ ಯತ್ನಿಸುತ್ತದೆ. ಅಷ್ಟು ತಾಳ್ಮೆ ನನಗಿಲ್ಲದ ಕಾರಣ, ಎಷ್ಟು ಸಲ ಯತ್ನಿಸಬೇಕು, ಎಷ್ಟು ಸೆಕೆಂಡು ಕಾಯಬೇಕು ಎಂದು ಹೇಳುವ ಆರ್ ಮತ್ತು ಡಬ್ಲ್ಯೂ ಆಯ್ಕೆಗಳಿಗೆ ತಲಾ 1 ಎಂದು ಕೊಟ್ಟು, ಒಂದು ಲಾಗ್ ಫೈಲ್ ಬರೆಯಲು ಹೇಳಿ, ಹೊರಗಿನ ಡಿಸ್ಕಿಗೆ ನಕಲು ಆರಂಭಿಸಿದೆ. ಏಳು ಗಂಟೆ ಹಿಡಿಯಿತು. ಲಾಗ್ ಓದಿದಾಗ ಮೂರು ಫೋಟೋಗಳು ಮಾತ್ರ ಬಂದಿರಲಿಲ್ಲ. ಅವುಗಳಲ್ಲಿ ಎರಡು ಫೋನಿನಲ್ಲಿ ಉಳಿದಿದ್ದವು.

ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಇದರಲ್ಲಿ ಒಂದನ್ನೂ ನಾನು ಮಾಡುತ್ತಿರಲಿಲ್ಲ. ಆ ಸದ್ದು ಕೇಳಿದರೆ ಯಂತ್ರ ಆರಿಸಿ ದತ್ತಾಂಶ ಹೊರತೆಗೆಯುವ ಪರಿಣತರ ಬಳಿಗೇ ಹೋಗಬೇಕು.

ಹಳೆಯ ಡಿಸ್ಕಿನ ಜಾಗಕ್ಕೆ ಒಂದು ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್‌ಗಳಲ್ಲೇ ದತ್ತಾಂಶ ಇಡುವ ಡಿಸ್ಕ್) ಬಂತು. ಹಳೆಯದನ್ನು ಇದ್ದಂತೆ ಕ್ಲೋನ್ ಮಾಡದೆ, 8 ಜಿಬಿ ಪೆನ್‌ಡ್ರೈವಿನಿಂದ ವಿಂಡೋಸನ್ನು ಹೊಸದಾಗಿ ಹಾಕಿದೆ. ಮದರ್‌ಬೋರ್ಡ್ ಅದೇ ಆದ್ದರಿಂದ ಪರವಾನಗಿ ತಾನಾಗಿ ಗುರುತಿಸಿಕೊಂಡಿತು. ಈ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ಆ ಚಿಂತೆ ಬೇರೆಯೇ ಇದೆ, ಈ ದಿನಚರಿಯದಲ್ಲ.

ಇದೇ ಹೊತ್ತಿನಲ್ಲಿ ಗಮನಕ್ಕೆ ಬಂದದ್ದು ಇನ್ನೊಂದು: ಫಾಸ್ಟ್ ಸ್ಟಾರ್ಟಪ್ ಆನ್ ಇದ್ದಾಗ ಶಟ್‌ಡೌನ್ ಮಾಡಿದರೆ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ತನ್ನ ಒಳಭಾಗವನ್ನು ಡಿಸ್ಕಿಗೆ ಬರೆದಿಟ್ಟು ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. "ಆಫ್ ಮಾಡಿ ಆನ್ ಮಾಡಿದೆ, ಆದರೂ ಸರಿಹೋಗಲಿಲ್ಲ" ಎನ್ನುವವರು ಒಮ್ಮೆ ರೀಸ್ಟಾರ್ಟ್ ಒತ್ತಿ ನೋಡಬೇಕು. ಆರಂಭ ನಿಜಕ್ಕೂ ಹೊಸದಾಗುವುದು ಅದರಿಂದ.

ಹತ್ತರಿಂದ ಇಪ್ಪತ್ತೇಳನೆಯ ದಿನ: ಕಪ್ಪು ಪರದೆ

ಉಳಿದದ್ದು ಬೆಳಗಿನ ಕಪ್ಪು ಪರದೆ. ಹತ್ತನೆಯ ದಿನ ಎರಡೂ ರ‍್ಯಾಮ್ ಪಟ್ಟಿಗಳನ್ನು ತೆಗೆದು, ಬಂಗಾರದ ಬಣ್ಣದ ಸಂಪರ್ಕಗಳನ್ನು ಮೃದುವಾದ ಬಿಳಿ ರಬ್ಬರಿನಿಂದ ಹಗುರವಾಗಿ ಒರೆಸಿ, ಪುಡಿಯನ್ನು ಬ್ರಷ್ಷಿನಿಂದ ತೆಗೆದು, ಪಟ್ಟಿಯ ಕಚ್ಚು ಸ್ಲಾಟಿನ ಉಬ್ಬಿಗೆ ಹೊಂದುವಂತೆ ಹಿಡಿದು ಒತ್ತಿದೆ. ಪಕ್ಕದ ಕೊಂಡಿ ತಾನಾಗಿ ಮುಚ್ಚಿಕೊಂಡರೆ ಮಾತ್ರ ಪಟ್ಟಿ ಕೂತಿದೆ ಎಂದರ್ಥ. ನಾವು ಕೊಂಡಿಯನ್ನು ಬೆರಳಿನಿಂದ ಮುಚ್ಚಿದರೆ ಕೂತಂತೆ ಕಾಣುತ್ತದೆ ಅಷ್ಟೇ. ಹನ್ನೊಂದು, ಹನ್ನೆರಡು, ಹದಿಮೂರು, ಮೂರೂ ಬೆಳಿಗ್ಗೆ ಪರದೆ ಬಂತು. "ಸರಿಹೋಯಿತು" ಎಂದು ಪುಸ್ತಕದಲ್ಲಿ ಬರೆದೆ. ಹದಿನಾಲ್ಕನೆಯ ಬೆಳಿಗ್ಗೆ ಆ ಸಾಲನ್ನು ಹೊಡೆದು ಹಾಕಬೇಕಾಯಿತು.

ದಿನಕ್ಕೆ ಒಮ್ಮೆ ಮಾತ್ರ, ಅದೂ ತಣ್ಣಗಿರುವಾಗ ಕಾಣುವ ದೋಷವನ್ನು ಹುಡುಕುವುದರಲ್ಲಿ ಬೇಸರದ ಸಂಗತಿ ಇದು: ದಿನಕ್ಕೆ ಒಂದೇ ಪ್ರಯೋಗ ಸಾಧ್ಯ. ಮೊದಲು ಅಂದು ಹಗಲಿಡೀ ಮೆಮೊರಿಯನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಿಸಿದೆ, ಒಂದೂ ತಪ್ಪಿಲ್ಲ. ಅದರಿಂದ ರ‍್ಯಾಮ್ ನಿರ್ದೋಷಿ ಎಂದು ಅರ್ಧ ಮಾತ್ರ ತಿಳಿಯಿತು, ಪರೀಕ್ಷೆ ನಡೆಯುವ ಹೊತ್ತಿಗೆ ಯಂತ್ರ ಬೆಚ್ಚಗಾಗಿರುತ್ತದಲ್ಲ. ಆಮೇಲೆ ಪಟ್ಟಿಗಳ ಮೇಲೆ ಪೆನ್ನಿನಿಂದ ಅ, ಆ ಎಂದು ಗುರುತು ಹಾಕಿ, ಒಂದೊಂದನ್ನೇ ಒಂದೊಂದು ಸ್ಲಾಟಿನಲ್ಲಿಟ್ಟು ಪ್ರತಿ ರಾತ್ರಿ ಪೂರ್ತಿ ಆರಿಸಿ ಬೆಳಿಗ್ಗೆ ಹಚ್ಚತೊಡಗಿದೆ. ಮೊದಲ ಸ್ಲಾಟಿನಲ್ಲಿ ಅ: ನಾಲ್ಕು ಬೆಳಿಗ್ಗೆ, ನಾಲ್ಕೂ ಸರಿ. ಮೊದಲ ಸ್ಲಾಟಿನಲ್ಲಿ ಆ: ನಾಲ್ಕು ಬೆಳಿಗ್ಗೆ, ನಾಲ್ಕೂ ಸರಿ. ಎರಡನೆಯ ಸ್ಲಾಟಿನಲ್ಲಿ ಅ: ಎರಡನೆಯ ಬೆಳಿಗ್ಗೆಯೇ ಕಪ್ಪು. ಎರಡನೆಯ ಸ್ಲಾಟಿನಲ್ಲಿ ಆ: ಮೂರನೆಯ ಬೆಳಿಗ್ಗೆ ಕಪ್ಪು.

ಪಟ್ಟಿಗಳೆರಡೂ ಒಳ್ಳೆಯವು, ಸ್ಲಾಟ್ ಕೆಟ್ಟದ್ದು. ಮೊದಲೇ ಹೊಸ ರ‍್ಯಾಮ್ ಕೊಂಡು ತಂದಿದ್ದರೆ ಅದನ್ನೂ ಅದೇ ಸ್ಲಾಟಿನಲ್ಲಿಟ್ಟು, ಹೊಸ ರ‍್ಯಾಮ್ ಕೂಡ ಕೆಟ್ಟದ್ದೇ ಬಂತು ಎಂದು ಬೈದುಕೊಳ್ಳುತ್ತಿದ್ದೆ.

ಇಪ್ಪತ್ತೆಂಟನೆಯ ದಿನ: ಕರೆ

ಮದರ್‌ಬೋರ್ಡಿನ ಸ್ಲಾಟ್ ನನ್ನ ಕೈಮೀರಿದ್ದು. ದುರಸ್ತಿಯವರಿಗೆ ಫೋನ್ ಮಾಡಿ ಪುಸ್ತಕದಿಂದ ಓದಿದೆ: ಸೆಲ್ ಬದಲಾಗಿದೆ, ಬಿಸಿ 64ಕ್ಕೆ ಇಳಿದಿದೆ, ಡಿಸ್ಕ್ ಹೊಸದು, ಅದನ್ನು ಮುಟ್ಟುವ ಅಗತ್ಯವಿಲ್ಲ, ತಣ್ಣಗಿದ್ದಾಗ ಎರಡನೆಯ ರ‍್ಯಾಮ್ ಸ್ಲಾಟಿನಲ್ಲಿ ಯಾವ ಪಟ್ಟಿ ಇಟ್ಟರೂ ಪರದೆ ಬರುವುದಿಲ್ಲ.

ಅವರು ಕೇಳಿದ್ದು ಒಂದೇ ಪ್ರಶ್ನೆ: "ಸರ್, ಎರಡು ಪಟ್ಟಿಯನ್ನೂ ಅದಲು ಬದಲು ಮಾಡಿ ನೋಡಿದ್ದೀರಾ?"

ಸಂಜೆ ಬಂದವರು ಸ್ಲಾಟಿನೊಳಗೆ ಬೆಳಕು ಬಿಟ್ಟು ಭೂತಗನ್ನಡಿ ಹಿಡಿದು ನೋಡಿ ನನಗೂ ತೋರಿಸಿದರು. 288 ಸಂಪರ್ಕಗಳ ಸಾಲಿನಲ್ಲಿ ಒಂದು ಎಸಳು ಉಳಿದವುಗಳಿಗಿಂತ ಹಿಂದಕ್ಕೆ ಮಡಿದು ಕೂತಿತ್ತು. ಬೆಚ್ಚಗಾದಾಗ ತಾಗುವಷ್ಟು, ತಣ್ಣಗಾದಾಗ ತಾಗದಷ್ಟು. ಸೂಜಿಯಿಂದ ಎತ್ತಲು ಹೋದರೆ ಮುರಿಯುವ ಸಂಭವವೇ ಹೆಚ್ಚು, ಇಷ್ಟು ಹಳೆಯ ಬೋರ್ಡಿಗೆ ಸ್ಲಾಟ್ ಬದಲಿಸುವ ಬೆಸುಗೆಯ ಕೆಲಸ ಒಪ್ಪುವಂಥದ್ದಲ್ಲ, ಮೊದಲ ಸ್ಲಾಟಿಗೆ 8 ಜಿಬಿಯ ಒಂದೇ ಪಟ್ಟಿ ಹಾಕಿಕೊಳ್ಳಿ ಎಂದರು. ಎರಡು ಪಟ್ಟಿಗಳು ಜೊತೆಯಾಗಿ ಕೊಡುವ ವೇಗದಲ್ಲಿ ಕೊಂಚ ಕಡಿಮೆಯಾಗುತ್ತದೆ. ನಮ್ಮ ಬಳಕೆಗೆ ಅದು ತಿಳಿಯುವಂಥದ್ದಲ್ಲ. ಹತ್ತು ನಿಮಿಷದಲ್ಲಿ ಅವರ ಕೆಲಸ ಮುಗಿದಿತ್ತು.

8 ಜಿಬಿ ಪಟ್ಟಿ ಮೊದಲ ಸ್ಲಾಟಿನಲ್ಲಿದೆ. ಎರಡನೆಯ ಸ್ಲಾಟಿನ ಬಾಯಿಗೆ ಟೇಪು ಅಂಟಿಸಿ, ಅದರ ಮೇಲೆ ತಾರೀಖು ಹಾಕಿ "ಬಳಸಬಾರದು" ಎಂದು ಬರೆದು ಪೆಟ್ಟಿಗೆಯ ಬಾಗಿಲು ಮುಚ್ಚಿದೆ.